ಗಾಳಿದೋಣಿಯ ಸಣ್ಣ ತೂತಿಗೆ ಯಾವ ಅಂಟು?

ಸದಸ್ಯ ಬಂಧುಗಳೇ,

ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಮೆಣಸಿನ ಸೊರಗು ರೋಗ, ಹೀಗೆ ತೋಟದ ಪಾಠಗಳನ್ನೇ ಈ ಪತ್ರಿಕೆಯಲ್ಲಿ ಓದಿ ಅಭ್ಯಾಸವಾಗಿರುವ ತಮಗೆ ಈ ಸಲದ ತಲೆಬರಹ ಕಂಡು ಆಶ್ಚರ್ಯವಾಗಬಹುದು. ಅಡಿಕೆ ಮರಕ್ಕೂ ದೋಣಿಯ ಅಂಟಿಗೂ ಏನು ಸಂಬಂಧ ಎಂದು ಕೇಳುವವರೂ ಇದ್ದಾರೆ. ಸಂಬಂಧವಿದೆ. 2019ರ ಆಗಸ್ಟ್ ಮಳೆಯಲ್ಲಿ ಹಳ್ಳದ ಸಂಕಗಳು ಕೊಚ್ಚಿಹೋಗಿ, ಆಚೆ ದಡದ ತೋಟಗಳಿಗೆ ಹೋಗಲಾರದೆ ನಾವು ದಿನಗಟ್ಟಲೆ ಕೈಕಟ್ಟಿ ಕುಳಿತದ್ದು ಯಾರಿಗೂ ಮರೆತಿಲ್ಲ. ಆಮೇಲೆ ಭದ್ರಾ ಹಿನ್ನೀರಿನ ಅಂಚಿನ ಕೆಲವು ಸದಸ್ಯರು ಗಾಳಿ ತುಂಬುವ ದೋಣಿಗಳನ್ನು ಕೊಂಡರು. ನದಿಯಲ್ಲಿ ರಾಫ್ಟಿಂಗ್ ನಡೆಸುವವರು ಹಳೆಯದೆಂದು ಬಿಟ್ಟ ದೋಣಿಗಳು ಕೈಗೆಟಕುವ ಬೆಲೆಗೆ ಸಿಕ್ಕಿದ್ದರಿಂದ ನಮ್ಮ ಸಂಘವೂ ಒಂದನ್ನು ಕೊಂಡು ಗೋದಾಮಿನಲ್ಲಿ ಇಟ್ಟಿದೆ.

ಹಳೆಯ ದೋಣಿ ಎಂದ ಮೇಲೆ ತೂತು ಬೀಳದೆ ಇರುವುದಿಲ್ಲ. ಬಿದಿರ ಮುಳ್ಳು, ನೀರಿನಡಿಯ ಮರದ ಬೊಡ್ಡೆ, ಗೋದಾಮಿನ ಇಲಿ, ಇಷ್ಟು ಸಾಕು. ಪ್ರತಿ ಸಲವೂ ಪೇಟೆಗೆ ಕೊಂಡೊಯ್ದು ರಿಪೇರಿ ಮಾಡಿಸುವುದು ದುಬಾರಿ. ಮನೆಯಲ್ಲೇ ತೇಪೆ ಹಾಕಬಹುದು, ಆದರೆ ಸರಿಯಾದ ಅಂಟು ಗೊತ್ತಿರಬೇಕು. ಅದು ಯಾವುದು, ಕಡಿಮೆ ಖರ್ಚಿನಲ್ಲಿ ಎಲ್ಲಿ ಸಿಗುತ್ತದೆ, ಹೇಗೆ ಹಚ್ಚಬೇಕು ಎಂಬುದೇ ಈ ಪಾಠ.

ಒಂದು ತಪ್ಪಿನಿಂದ ಕಲಿತದ್ದು

ಪಾಠ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. 2022ರ ಜುಲೈ ತಿಂಗಳಲ್ಲಿ ಸಂಘದ ದೋಣಿಗೆ ಬಿದಿರ ಕೂಳೆ ತಾಗಿ ಬೆರಳಗಲದ ತೂತಾಯಿತು. ಹುಡುಗನಾಗಿದ್ದಾಗಿನಿಂದ ಎಷ್ಟೋ ಸೈಕಲ್ ಟ್ಯೂಬಿಗೆ ಪಂಚರ್ ಹಾಕಿದ ಕೈ ನನ್ನದು. ಪದವಿಯಲ್ಲಿ ರಸಾಯನಶಾಸ್ತ್ರ ಓದಿದವನೆಂಬ ಹೆಮ್ಮೆ ಬೇರೆ. ಸೈಕಲ್ ಅಂಗಡಿಯಿಂದ ಒಂದು ಟ್ಯೂಬ್ ಸೊಲ್ಯೂಷನ್ ತಂದು, ಹಳೆಯ ಟ್ಯೂಬಿನ ತುಂಡೊಂದನ್ನು ಕತ್ತರಿಸಿ, ಉಜ್ಜಿ ಅಂಟಿಸಿದೆ. ಗೋದಾಮಿನಲ್ಲಿ ಎರಡು ದಿನ ಗಾಳಿ ತುಂಬಿಟ್ಟು ನೋಡಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ದುಡ್ಡು ಸುರಿಯುತ್ತಾರೆ ಎಂದುಕೊಂಡೆ.

ಮೂರನೆಯ ದಿನ ಆಚೆ ದಡದ ಸದಸ್ಯರೊಬ್ಬರ ತಾಯಿಗೆ ಜ್ವರ ಏರಿತು. ಎಂಬತ್ತರ ಹತ್ತಿರದ ಜೀವ. ಸಂಕ ಮುಳುಗಿತ್ತು. ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಂದ ಹೊತ್ತು ನೋಡಿ, ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟೆವು. ಇದ್ದ ಒಂದೇ ಜೀವರಕ್ಷಕ ಅಂಗಿಯನ್ನು ಅಜ್ಜಿಗೆ ತೊಡಿಸಿದ್ದೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ತೇಪೆಯ ಒಂದು ಅಂಚು ಎದ್ದಿತು. ನೋಡನೋಡುತ್ತಿದ್ದಂತೆ ಬುಸ್ಸೆಂದು ಪೂರ್ತಿ ಬಿಟ್ಟುಕೊಂಡಿತು. ಇಂಥ ದೋಣಿಗಳಲ್ಲಿ ಗಾಳಿಯ ಕೋಣೆಗಳು ಬೇರೆ ಬೇರೆಯಾಗಿರುವುದರಿಂದ ಒಂದು ಕುಸಿದರೂ ಉಳಿದವು ತೇಲಿಸಿದವು. ಒಂದು ಮಗ್ಗುಲು ನೀರಿಗೆ ತಾಗಿಕೊಂಡೇ ಹುಟ್ಟುಹಾಕಿ ದಡ ಸೇರಿದೆವು. ಅಜ್ಜಿಯ ಸೀರೆ ಸೊಂಟದವರೆಗೆ ತೊಯ್ದಿತ್ತು. ದಡದಲ್ಲಿ ಕೂತು ನನ್ನ ಮುಖ ನೋಡಿ, "ನೀರು ಕುಡಿಸುತ್ತೀ ಅಂತ ಗೊತ್ತಿದ್ದರೆ ಮನೆಯಲ್ಲೇ ಕಷಾಯ ಕುಡಿದು ಮಲಗುತ್ತಿದ್ದೆನಲ್ಲೋ ಮಾರಾಯ" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ತಪ್ಪು ಎಲ್ಲಿತ್ತು? ಸೊಲ್ಯೂಷನ್ ಕೆಟ್ಟದ್ದಲ್ಲ, ರಬ್ಬರ್ ಟ್ಯೂಬಿಗೆ ಅದು ಉತ್ತಮ ಅಂಟೇ. ಆದರೆ ನಮ್ಮ ದೋಣಿ ರಬ್ಬರಿನದಾಗಿರಲಿಲ್ಲ. ಪರೀಕ್ಷಿಸಿ ನೋಡುವ ಕೆಲಸವನ್ನೇ ನಾನು ಮಾಡಿರಲಿಲ್ಲ.

ಮೊದಲು ಬಟ್ಟೆ ಯಾವುದೆಂದು ತಿಳಿಯಿರಿ

ಕಸಿ ಕಟ್ಟುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸೊರಗು ರೋಗ ತಡೆಯಲೆಂದು ಬ್ರೆಜಿಲ್ ಮೂಲದ ಹಿಪ್ಪಲಿಯ ಬುಡಕ್ಕೆ ಕಾಳುಮೆಣಸನ್ನು ಕಸಿ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಮೊದಲು ಚೆನ್ನಾಗಿಯೇ ಚಿಗುರುತ್ತದೆ. ಕೆಲವು ತೋಟಗಳಲ್ಲಿ ಕೆಲವು ವರ್ಷಗಳ ನಂತರ ಕೂಡಿದ ಜಾಗದಲ್ಲೇ ಬಿಟ್ಟುಕೊಂಡದ್ದೂ ಉಂಟು. ಅಂಟಿನ ವಿಷಯವೂ ಹೀಗೆಯೇ. ಎರಡು ದಿನ ಹಿಡಿಯುವುದು ಬೇರೆ, ನಿಜವಾಗಿ ಕೂಡುವುದು ಬೇರೆ.

ಗಾಳಿದೋಣಿಯ ಬಟ್ಟೆ ಎಂದರೆ ನಡುವೆ ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆ, ಅದರ ಎರಡೂ ಕಡೆ ಲೇಪನ. ಬಲ ಕೊಡುವುದು ನೇಯ್ಗೆ, ಗಾಳಿ ತಡೆಯುವುದು ಲೇಪನ. ಅಂಟು ಹಿಡಿಯಬೇಕಾದದ್ದು ಲೇಪನವನ್ನು. ಆ ಲೇಪನ ನಮಗೆ ಸಿಗುವ ದೋಣಿಗಳಲ್ಲಿ ಹೆಚ್ಚಾಗಿ ಎರಡು ಬಗೆ.

ಮೊದಲನೆಯದು ಪಿ.ವಿ.ಸಿ. ಬೆಲೆ ಕಡಿಮೆ, ಆದುದರಿಂದ ಸಾಮಾನ್ಯ ದೋಣಿಗಳಲ್ಲಿ ಹೆಚ್ಚು ಕಾಣುವುದು ಇದೇ. ನೀರಾವರಿ ಪೈಪಿನ ಪಿ.ವಿ.ಸಿ. ಗಟ್ಟಿ. ದೋಣಿಯದು ಮಡಚಲು ಬರುವಂತೆ ಮೆತ್ತಗಿರಬೇಕಾದ್ದರಿಂದ ತಯಾರಿಸುವಾಗ ಅದಕ್ಕೆ ಎಣ್ಣೆಯಂಥ ಒಂದು ಮೆದುಕಾರಕವನ್ನು ಸೇರಿಸಿರುತ್ತಾರೆ. ಈ ಮೆದುಕಾರಕದ ನೆನಪಿರಲಿ, ನಮ್ಮ ಕಥೆಯ ಖಳನಾಯಕ ಇದೇ.

ಎರಡನೆಯದು ಹೈಪಲಾನ್ ಎಂದು ಕರೆಯುವ ಕೃತಕ ರಬ್ಬರು. ಬಿಸಿಲು ಮಳೆಗೆ ಚೆನ್ನಾಗಿ ತಡೆಯುತ್ತದೆ, ಬೆಲೆ ಹೆಚ್ಚು. ಡುಪಾಂಟ್ ಕಂಪನಿ ಆ ಹೆಸರಿನ ರಬ್ಬರನ್ನು ತಯಾರಿಸುವುದನ್ನು 2010ರಲ್ಲಿ ನಿಲ್ಲಿಸಿತು. ಅದೇ ಜಾತಿಯ ರಬ್ಬರನ್ನು ಬೇರೆಯವರು ಸಿ.ಎಸ್.ಎಂ. ಎಂಬ ಹೆಸರಿನಲ್ಲಿ ತಯಾರಿಸುತ್ತಾರೆ, ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ದೋಣಿಯ ಅಡಿಭಾಗದಲ್ಲಿ ಕಣ್ಣಿಗೆ ಬೀಳದ ಜಾಗವೊಂದನ್ನು ಆರಿಸಿ, ಹತ್ತಿಯ ತುಂಡಿಗೆ ಸ್ವಲ್ಪ ಅಸಿಟೋನ್ ಹಾಕಿ ಉಜ್ಜಿರಿ. ಮೇಲ್ಮೈ ಬೆರಳಿಗೆ ಜಿಗುಟಾದರೆ ಅದು ಪಿ.ವಿ.ಸಿ. ಜಿಗುಟಾಗದೆ, ಹತ್ತಿಗೆ ಬರೀ ಬಣ್ಣದ ಪುಡಿ ಹತ್ತಿದರೆ ಹೈಪಲಾನ್ ಎಂದು ತಿಳಿಯಬಹುದು. ಇನ್ನೊಂದು ಸೂಚನೆಯೂ ಉಂಟು. ಪಿ.ವಿ.ಸಿ. ಬಟ್ಟೆಗೆ ಪ್ಲಾಸ್ಟಿಕ್ಕಿನ ನುಣುಪು, ಹೊಳಪು ಇರುತ್ತದೆ. ಹೈಪಲಾನಿನ ಹೊರಮೈ ಮಂಕು, ಒಳಮೈ ಸಾಮಾನ್ಯವಾಗಿ ಬೇರೆ ಬಣ್ಣ. ಬೆಂಕಿ ಹಚ್ಚಿ ನೋಡುವ ಪರೀಕ್ಷೆ ಬೇಡ. ಎರಡರಲ್ಲೂ ಕ್ಲೋರಿನ್ ಇರುವುದರಿಂದ ಭೇದ ತಿಳಿಯುವುದಿಲ್ಲ, ಹೊಗೆ ಮಾತ್ರ ಎದೆಗೆ ಕೆಟ್ಟದ್ದು.

ಅಂಗಡಿಯಲ್ಲಿ ಸಿಗುವ ಅಂಟುಗಳ ಗುಣದೋಷ

ಮನೆಯಲ್ಲಿ, ಪೇಟೆಯಲ್ಲಿ ಸುಲಭವಾಗಿ ಸಿಗುವುದನ್ನು ಒಂದೊಂದಾಗಿ ನೋಡೋಣ.

1. ಸೈಕಲ್ ಪಂಚರ್ ಸೊಲ್ಯೂಷನ್: ದ್ರಾವಕದಲ್ಲಿ ಕರಗಿಸಿದ ರಬ್ಬರು. ರಬ್ಬರ್ ಟ್ಯೂಬಿಗೆ ಸರಿ, ಪಿ.ವಿ.ಸಿ.ಗೆ ಸಲ್ಲದು. ನನ್ನ ಅನುಭವ ಮೇಲೆ ಹೇಳಿದ್ದೇನೆ.

2. ಪೈಪಿನ ಸಾಲ್ವೆಂಟ್ ಸಿಮೆಂಟು: ನಮ್ಮ ಪ್ರತಿ ಮನೆಯಲ್ಲೂ ಇರುವ ವಸ್ತು. ಪೈಪೂ ಪಿ.ವಿ.ಸಿ., ದೋಣಿಯೂ ಪಿ.ವಿ.ಸಿ. ಆದುದರಿಂದ ಇದೇ ಸಾಕಲ್ಲ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಇದು ಗಟ್ಟಿ ಪಿ.ವಿ.ಸಿ.ಗಾಗಿ ಮಾಡಿದ್ದು, ಒಣಗಿದಾಗ ತಾನೂ ಗಟ್ಟಿಯಾಗುತ್ತದೆ. ಮಡಚುವ, ಉಬ್ಬುವ ಬಟ್ಟೆಯ ಮೇಲೆ ಆ ಗಟ್ಟಿ ಪದರ ಬಿರಿಯುತ್ತದೆ. ಅದರ ದ್ರಾವಕ ತೆಳುವಾದ ಲೇಪನವನ್ನು ತಿಂದು ತೂತನ್ನು ದೊಡ್ಡದು ಮಾಡುವ ಅಪಾಯವೂ ಇದೆ.

3. ಕ್ಷಣದಲ್ಲಿ ಹಿಡಿಯುವ ಅಂಟು (ಫೆವಿಕ್ವಿಕ್ ಮುಂತಾದವು): ಗಾಜಿನಂತೆ ಗಡುಸು. ಬಗ್ಗಿದರೆ ಒಡೆಯುತ್ತದೆ.

4. ಎಂ-ಸೀಲ್‌ನಂಥ ಎರಡು ಉಂಡೆ ಕಲಸುವ ಎಪಾಕ್ಸಿ: ನೀರಿನ ಟ್ಯಾಂಕು, ಕಬ್ಬಿಣಕ್ಕೆ ಒಳ್ಳೆಯದು. ಬಾಗುವ ಬಟ್ಟೆಗೆ ಅದೇ ಗಡುಸುತನದ ದೋಷ.

5. ಮರಗೆಲಸದ ಬಿಳಿ ಫೆವಿಕಾಲ್: ನೀರಿನಲ್ಲಿ ಕಲಸಿದ ಅಂಟು. ದೋಣಿಯ ಸುದ್ದಿಗೇ ಬರಬಾರದು.

6. ಸಿಲಿಕೋನ್: ಕಿಟಕಿಯ ಗಾಜಿನ ಸಂದಿಗೆ ತುಂಬುವ ಪೇಸ್ಟು. ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ತಾನೂ ಸರಿಯಾಗಿ ಹಿಡಿಯುವುದಿಲ್ಲ, ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದೆ ಬೇರೆ ಅಂಟೂ ಹಿಡಿಯದಂತೆ ಮಾಡುತ್ತದೆ.

7. ಹಳದಿ ಗಮ್: ಚಪ್ಪಲಿ ರಿಪೇರಿಯವರು, ಸನ್ಮೈಕಾ ಅಂಟಿಸುವ ಬಡಗಿಗಳು ಬಳಸುವ, ಎರಡೂ ಕಡೆ ಹಚ್ಚಿ ಒಣಗಿಸಿ ಒತ್ತುವ ಅಂಟು. ಫೆವಿಕಾಲ್ ಎಸ್.ಆರ್. 998 ಈ ಜಾತಿಯದು. ಇದರ ಮೂಲವಸ್ತು ಕೃತಕ ರಬ್ಬರು, ಸಾಮಾನ್ಯವಾಗಿ ನಿಯೋಪ್ರಿನ್. ಹೈಪಲಾನ್ ದೋಣಿಗೆಂದೇ ಮಾರುವ ಅಂಟೂ ನಿಯೋಪ್ರಿನ್ ಕುಲದ್ದೇ, ಆದರೆ ಅದರ ಜೊತೆ ಹಾರ್ಡನರ್ ಎಂಬ ಎರಡನೆಯ ಸೀಸೆ ಇರುತ್ತದೆ. ಹೈಪಲಾನಿನ ಸಣ್ಣ ತೂತಿಗೆ ತಾತ್ಕಾಲಿಕವಾಗಿ ಬರೀ ಹಳದಿ ಗಮ್ ನಡೆದೀತು. ಶಾಶ್ವತ ತೇಪೆಗೆ ಹಾರ್ಡನರ್ ಇರುವುದೇ ಬೇಕು. ಪಿ.ವಿ.ಸಿ.ಗೆ ಮಾತ್ರ ಈ ಕುಲವೇ ಬೇಡ. ಬಟ್ಟೆಯೊಳಗಿನ ಮೆದುಕಾರಕ ನಿಧಾನವಾಗಿ ಅಂಟಿನ ಪದರಕ್ಕೆ ಇಳಿದು ಅದನ್ನು ಲೋಳೆ ಮಾಡುತ್ತದೆ. ಬಿಸಿಲು ಬಿದ್ದ ದಿನ ತೇಪೆ ಜಾರಿ ಬರುತ್ತದೆ.

8. ಪಾಲಿಯುರೆಥೇನ್ ಅಂಟು, ಅಂದರೆ ಪಿ.ಯು. ಗಮ್: ಮೆದುಕಾರಕಕ್ಕೆ ಜಗ್ಗದ, ಒಣಗಿದ ಮೇಲೂ ಬಾಗುವ ಗುಣ ಇದಕ್ಕಿದೆ. ಪಿ.ವಿ.ಸಿ. ದೋಣಿಗೆ ತಕ್ಕ ಅಂಟು ಇದೇ.

ಕಡಿಮೆ ಖರ್ಚಿನ ದಾರಿ

ದೋಣಿಗೆಂದೇ ಮಾರುವ ಪಿ.ಯು. ಅಂಟನ್ನು ದೊಡ್ಡ ಪೇಟೆಯಿಂದಲೋ ಹೊರದೇಶದಿಂದಲೋ ತರಿಸಬೇಕು. ಬೆಲೆಯೂ ಹೆಚ್ಚು, ಸಾಗಣೆಯೂ ಹೆಚ್ಚು. ಆದರೆ ಇದೇ ಕುಲದ ಅಂಟನ್ನು ದಿನನಿತ್ಯ ಬಳಸುವ ಒಂದು ಕಸುಬು ನಮ್ಮ ನಡುವೆಯೇ ಇದೆ. ಅದು ಪಾದರಕ್ಷೆಯ ಕಸುಬು. ಪಿ.ವಿ.ಸಿ. ಅಟ್ಟೆಯನ್ನು ಬೂಟಿಗೆ ಅಂಟಿಸುವಾಗ ಅವರಿಗೂ ಇದೇ ಮೆದುಕಾರಕದ ತೊಂದರೆ ಇದ್ದುದರಿಂದ ಅವರು ಪಿ.ಯು. ಅಂಟಿಗೆ ಬಂದರು. ಆದುದರಿಂದ ಚಪ್ಪಲಿ ತಯಾರಿಕೆಯ ಸಾಮಾನು ಮಾರುವ ಅಂಗಡಿಗೆ ಹೋಗಿ, "ಪಿ.ವಿ.ಸಿ. ಅಟ್ಟೆಗೆ ಹಾಕುವ ಪಿ.ಯು. ಗಮ್, ಹಾರ್ಡನರ್ ಸಮೇತ ಕೊಡಿ" ಎಂದು ಕೇಳಿ. ಬರೀ ಗಮ್ ಎಂದರೆ ಹಳದಿ ಗಮ್ ಕೊಟ್ಟಾರು. ಪಿ.ಯು. ಗಮ್ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಆದರೂ ಬಣ್ಣವೊಂದನ್ನೇ ನಂಬದೆ ಡಬ್ಬದ ಮೇಲಿನ ಹೆಸರು, ತಯಾರಾದ ತಿಂಗಳು ಓದಿ ತನ್ನಿ.

ಎಷ್ಟು ಬೇಕು ಎಂಬ ಲೆಕ್ಕ ನೋಡಿ. 2 ಸೆಂಟಿಮೀಟರ್ ತೂತಿಗೆ ಸುತ್ತಲೂ 5 ಸೆಂಟಿಮೀಟರ್ ಬಿಟ್ಟರೆ 12 ಸೆಂಟಿಮೀಟರ್ ಅಗಲದ ದುಂಡು ತೇಪೆ ಬೇಕು. ಅದಕ್ಕೂ ದೋಣಿಗೂ ತೆಳುವಾಗಿ ಎರಡೆರಡು ಸಲ ಹಚ್ಚಿದರೂ ಹತ್ತು ಗ್ರಾಂ ಅಂಟು ಮೀರುವುದಿಲ್ಲ. 50 ಗ್ರಾಂನಲ್ಲಿ ಐದು ತೇಪೆ ಆಗುತ್ತದೆ. ಲೀಟರಿನ ಡಬ್ಬ ಗ್ರಾಮಿನ ಲೆಕ್ಕದಲ್ಲಿ ಅಗ್ಗ ಕಂಡರೂ, ಒಬ್ಬ ಸದಸ್ಯನ ಮನೆಯಲ್ಲಿ ಅದು ಮುಗಿಯುವ ಮೊದಲೇ ಮಂದವಾಗಿ ಕೆಡುತ್ತದೆ. ಹಾರ್ಡನರಂತೂ ಮುಚ್ಚಳ ತೆಗೆದೊಡನೆ ಗಾಳಿಯ ತೇವ ಹೀರಲು ತೊಡಗುತ್ತದೆ. ಕಲಕಿದಂತಾದ ಅಥವಾ ಹರಳುಗಟ್ಟಿದ ಹಾರ್ಡನರನ್ನು ಎಸೆಯುವುದೇ ಸರಿ.

ಅಗ್ಗ ಎಂದರೆ ಕೊಡುವ ದುಡ್ಡು ಮಾತ್ರ ಅಲ್ಲ. ನನ್ನ ಸೈಕಲ್ ಸೊಲ್ಯೂಷನ್ನಿಗೆ ಆದದ್ದು ಚಿಲ್ಲರೆ ಕಾಸು. ಆದರೆ ಅದರ ಕಲೆಯನ್ನು ಬಟ್ಟೆಯಿಂದ ಎಬ್ಬಿಸಲು ಇಬ್ಬರಿಗೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. ಹಳೆಯ ಅಂಟು ಒಂದು ಚೂರು ಉಳಿದರೂ ಹೊಸದು ಹಿಡಿಯುವುದು ಆ ಚೂರನ್ನೇ ಹೊರತು ಬಟ್ಟೆಯನ್ನಲ್ಲ.

ತೇಪೆಯ ಬಟ್ಟೆಯೂ ದೋಣಿಯ ಜಾತಿಯದೇ ಇರಬೇಕು. ದೋಣಿ ಕೊಳ್ಳುವಾಗಲೇ ಒಂದು ತುಂಡು ಕೇಳಿ ಪಡೆಯಿರಿ. ಸಿಗದಿದ್ದರೆ ಪಿ.ವಿ.ಸಿ. ದೋಣಿಗೆ ಲಾರಿಗೆ ಹೊದಿಸುವ ದಪ್ಪ ಪಿ.ವಿ.ಸಿ. ಲೇಪನದ ಬಟ್ಟೆಯ ತುಂಡು ಆದೀತು. ಅದನ್ನೂ ಅಸಿಟೋನ್ ಹಾಕಿ ಪರೀಕ್ಷಿಸಿಯೇ ಬಳಸಿ.

ತೇಪೆ ಹಾಕುವ ಕ್ರಮ

1. ದೋಣಿಗೆ ಗಾಳಿ ತುಂಬಿ ಸೋಪಿನ ನೀರನ್ನೋ ಅಂಟುವಾಳದ ನೊರೆಯನ್ನೋ ಬಳಿಯಿರಿ. ಗುಳ್ಳೆ ಏಳುವ ಜಾಗಕ್ಕೆಲ್ಲ ಗುರುತು ಹಾಕಿ. ಒಂದು ತೂತು ಕಂಡೊಡನೆ ನಿಲ್ಲಿಸಬೇಡಿ, ಪಕ್ಕದಲ್ಲೇ ಇನ್ನೊಂದಿರಬಹುದು.

2. ಗಾಳಿ ಪೂರ್ತಿ ಬಿಟ್ಟು, ಸಿಹಿನೀರಿನಲ್ಲಿ ತೊಳೆದು, ಒಂದು ದಿನ ನೆರಳಲ್ಲಿ ಒಣಗಿಸಿ. ತೂತಿನ ಮೂಲಕ ಒಳಗೆ ಹೋದ ನೀರೂ ಆರಬೇಕು. ಒಳಗಿನ ಪಸೆ ಮೇಲಿನ ತೇಪೆಯನ್ನು ಎಬ್ಬಿಸುತ್ತದೆ.

3. ತೇಪೆಯನ್ನು ದುಂಡಗೆ ಕತ್ತರಿಸಿ. ಚೌಕದ ಮೂಲೆಯೇ ಮೊದಲು ಏಳುವ ಜಾಗ. ತೂತಿನ ಸುತ್ತ 5 ಸೆಂಟಿಮೀಟರ್ ಕೂಡಿಕೆ ಇರಲಿ. ದೋಣಿಯ ಮೇಲಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ.

4. ಹೈಪಲಾನ್ ಆದರೆ ಎರಡೂ ಮುಖಗಳನ್ನು ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿರಿ, ನೇಯ್ಗೆ ಕಾಣುವಷ್ಟು ಬೇಡ. ಪಿ.ವಿ.ಸಿ. ಆದರೆ ಉಜ್ಜುವ ಅಗತ್ಯವಿಲ್ಲ, ಬಿಳಿ ಬಟ್ಟೆಗೆ ಎಂ.ಇ.ಕೆ. ಎಂಬ ದ್ರಾವಕವನ್ನೋ ಅಸಿಟೋನನ್ನೋ ಹಾಕಿ ಒರಸಿದರೆ ಸಾಕು. ಸೀಮೆಎಣ್ಣೆ, ಪೆಟ್ರೋಲು ಬೇಡವೇ ಬೇಡ. ಅವು ಎಣ್ಣೆಯ ಪಸೆ ಬಿಡುತ್ತವೆ. ಒರಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

5. ಅಂಟು ಮತ್ತು ಹಾರ್ಡನರನ್ನು ಡಬ್ಬದ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ಸಾಮಾನ್ಯವಾಗಿ ನೂರು ಭಾಗ ಅಂಟಿಗೆ 5ರ ಆಸುಪಾಸು ಹಾರ್ಡನರ್. ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜು ಅಳೆಯಲು ಅನುಕೂಲ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಸುಣ್ಣ ಕಣ್ಣಂದಾಜಿನಲ್ಲಿ ಹಾಕಿದರೆ ಏನಾಗುತ್ತದೆಂದು ನಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಬೋರ್ಡೋವಿನಂತೆ ಇದನ್ನೂ ಅಂದೇ ಬೆರೆಸಿ ಅಂದೇ ಮುಗಿಸಬೇಕು.

6. ದೋಣಿ, ತೇಪೆ ಎರಡಕ್ಕೂ ತೆಳುವಾಗಿ ಒಂದು ಸಲ ಹಚ್ಚಿ ಪೂರ್ತಿ ಆರಲು ಬಿಡಿ. ಬಳಿಕ ಎರಡನೆಯ ಸಲ ಹಚ್ಚಿ ಹತ್ತು ಹದಿನೈದು ನಿಮಿಷ ಕಾಯಿರಿ. ಬೆರಳ ಗೆಣ್ಣಿನಿಂದ ಮುಟ್ಟಿದರೆ ಜಿಗುಟು ತಿಳಿಯಬೇಕು, ಆದರೆ ಗೆಣ್ಣಿಗೆ ಅಂಟು ಬರಬಾರದು. ಅದೇ ಹದ. ದಪ್ಪಗೆ ಹಚ್ಚಿದರೆ ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆ ಕಟ್ಟುತ್ತದೆ.

7. ಒಂದು ಅಂಚಿನಿಂದ ಶುರುಮಾಡಿ ಗಾಳಿ ಸಿಕ್ಕಿಕೊಳ್ಳದಂತೆ ತೇಪೆಯನ್ನು ಇಳಿಸುತ್ತ ಹೋಗಿ. ಒಮ್ಮೆ ಕೂತಿತೆಂದರೆ ಸರಿಸಲು ಬರುವುದಿಲ್ಲ. ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಬಲವಾಗಿ ಉಜ್ಜಿರಿ. ಈ ಅಂಟಿಗೆ ಬೇಕಾದದ್ದು ಹೆಚ್ಚು ಹೊತ್ತಿನ ಭಾರವಲ್ಲ, ಆ ಕ್ಷಣದ ಬಲವಾದ ಒತ್ತು.

8. 24 ಗಂಟೆ ಮುಟ್ಟಬೇಡಿ. ಎರಡು ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಬಳಿಕ ಅರ್ಧ ಗಾಳಿ ತುಂಬಿ ಸೋಪಿನ ನೀರಿನಲ್ಲಿ ನೋಡಿ. ಆಮೇಲೆ ಪೂರ್ತಿ ತುಂಬಿ, ಬಿಸಿಲಿನಲ್ಲಿ ಒಂದೆರಡು ಗಂಟೆ ಕಾವಲಿದ್ದು ನೋಡಿ. ಗಾಳಿ ಕಾದು ಹಿಗ್ಗುವುದರಿಂದ ದೋಣಿ ಬಿಗಿಯಾದರೆ ಸ್ವಲ್ಪ ಗಾಳಿ ಬಿಡಿ. ನಾನು ತಪ್ಪಿಸಿದ್ದು ಈ ಬಿಸಿಲ ಪರೀಕ್ಷೆಯನ್ನು. ನೆರಳಿನ ಗೋದಾಮಿನಲ್ಲಿ ಪಾಸಾದ ತೇಪೆ ನೀರಿನ ಮೇಲೆ ಬಿಸಿಲಿಗೆ ನಪಾಸಾಯಿತು. ಹಾಗೆಯೇ, ಸಂಜೆ ಬಿಗಿಯಾಗಿದ್ದ ದೋಣಿ ಬೆಳಿಗ್ಗೆ ಕೊಂಚ ಮೆತ್ತಗಾದರೆ ಕೂಡಲೇ ತೂತೆಂದು ಗಾಬರಿಯಾಗಬೇಕಿಲ್ಲ. ರಾತ್ರಿಯ ತಂಪಿಗೆ ಒಳಗಿನ ಗಾಳಿ ಕುಗ್ಗಿರುತ್ತದೆ.

ಸೂಜಿಮೊನೆಯಷ್ಟು ಸಣ್ಣ ತೂತಿಗೂ ಚಿಕ್ಕದಾದರೂ ಒಂದು ತೇಪೆಯೇ ಒಳ್ಳೆಯದು. ಬರೀ ಅಂಟಿನ ಹನಿ ಹಾಕಿದರೆ ಅದು ಮನೆ ಸೇರುವವರೆಗಿನ ಉಪಾಯ ಮಾತ್ರ.

ನಮ್ಮ ಹವೆಯ ತೊಂದರೆ

ಅಂಟಿನ ಡಬ್ಬದ ಮೇಲಿನ ಸೂಚನೆ ಮಲೆನಾಡಿನ ಆಷಾಢವನ್ನು ನೋಡಿ ಬರೆದದ್ದಲ್ಲ. ದ್ರಾವಕ ಆವಿಯಾಗುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ, ಕನ್ನಡಿಗೆ ಉಸಿರು ಬಿಟ್ಟಂತೆ, ಅಂಟಿನ ಮೇಲೆ ಕಣ್ಣಿಗೆ ಕಾಣದ ಮಂಜಿನ ಪದರ ಕೂರುತ್ತದೆ. ಎರಡು ಅಂಟಿನ ಪದರಗಳ ನಡುವೆ ನೀರಿನ ತೆರೆ! ಮೇಲಾಗಿ ಹಾರ್ಡನರ್ ಬಟ್ಟೆಯನ್ನು ಬಿಟ್ಟು ಆ ನೀರಿನೊಡನೆ ಕೂಡಿ ವ್ಯರ್ಥವಾಗುತ್ತದೆ.

ತೇವ ಅಳೆಯುವ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಆದರೆ ಹರಳುಪ್ಪು ಇದೆ. ಗಾಳಿಯ ತೇವಾಂಶ ನೂರಕ್ಕೆ 75ರ ಸುಮಾರಿಗೆ ಏರಿದಾಗ ಉಪ್ಪು ನೀರೊಡೆಯಲು ತೊಡಗುತ್ತದೆ. ಕೆಲಸ ಮಾಡುವ ಜಾಗದಲ್ಲಿ ಹಿಂದಿನ ರಾತ್ರಿ ಒಂದು ತಟ್ಟೆಯಲ್ಲಿ ಒಣ ಹರಳುಪ್ಪು ಹರಡಿಡಿ. ಬೆಳಿಗ್ಗೆ ಅದು ಒದ್ದೆಯಾಗಿದ್ದರೆ ಅಂದು ಅಂಟಿನ ಡಬ್ಬ ತೆರೆಯಬೇಡಿ. ಉಪ್ಪು ಒಣಗಿದ್ದ ಮಾತ್ರಕ್ಕೆ ಹವೆ ಉತ್ತಮವೆಂದಲ್ಲ. ತೇವಾಂಶ 60ಕ್ಕಿಂತ ಕೆಳಗಿರುವುದು ಲೇಸು. ಆದುದರಿಂದ ದೋಣಿಯ ರಿಪೇರಿಗೆ ತಕ್ಕ ಕಾಲ ಫೆಬ್ರವರಿ, ಮಾರ್ಚ್. ಕಾಫಿ ಕೊಯ್ಲು ಮುಗಿದು, ಅಡಿಕೆ ಚಪ್ಪರ ಖಾಲಿಯಾಗಿ, ನಮಗೂ ಬಿಡುವಿರುವ ಕಾಲ ಅದೇ. ಮಳೆ ಹಿಡಿದ ಮೇಲೆ ದೋಣಿ ನೆನಪಾದರೆ ತಡವಾದಂತೆ.

ಎಚ್ಚರಿಕೆ

ಈ ಅಂಟುಗಳ ದ್ರಾವಕ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ, ಹೊಗೆಗೂಡಿನ ಹತ್ತಿರ, ಬೀಡಿ ಸೇದುವವರ ಹತ್ತಿರ ಕೆಲಸ ಬೇಡ. ಬಾಗಿಲು ಕಿಟಕಿ ತೆರೆದ ಕಡೆ ಕೂರಬೇಕು. ಹಾರ್ಡನರಿನ ಆವಿ ಉಬ್ಬಸ ಇರುವವರಿಗೆ ಅಪಾಯ, ಅಂಥವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಉಳಿದವರೂ ಕೈಗವಸು ಹಾಕಿಕೊಳ್ಳಿ. ಮಕ್ಕಳ ಕೈಗೆ ಡಬ್ಬ ಸಿಗಬಾರದು.

ನಾವು ಮುಟ್ಟಬಾರದ ರಿಪೇರಿಗಳೂ ಇವೆ. ಹೊಲಿಗೆಯಂತೆ ಕಾಣುವ ಜೋಡಣೆ ಬಿಟ್ಟಿದ್ದರೆ, ಗಾಳಿ ತುಂಬುವ ವಾಲ್ವಿನ ಬುಡ ಸೋರಿದರೆ, ಸೀಳು ನಾಲ್ಕು ಬೆರಳಿಗಿಂತ ಉದ್ದವಿದ್ದರೆ, ಬಟ್ಟೆಯೇ ಹಳತಾಗಿ ಎಲ್ಲೆಡೆ ಜಿಗುಟಾಗಿದ್ದರೆ, ಅದು ತಿಳಿದವರ ಕೆಲಸ. ಅಲ್ಲಿ ಉಳಿತಾಯದ ಲೆಕ್ಕ ಹಾಕಬಾರದು.

1952ರಲ್ಲಿ ಅಲೈನ್ ಬೊಂಬಾರ್ ಎಂಬ ಫ್ರೆಂಚ್ ವೈದ್ಯ ಇಂಥದೇ ಗಾಳಿದೋಣಿಯೊಂದರಲ್ಲಿ ಕೆನರಿ ದ್ವೀಪಗಳಿಂದ ಹೊರಟು 65 ದಿನಗಳಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಬಾರ್ಬಡೋಸ್ ಸೇರಿದ. ಸರಿಯಾಗಿ ಕೂಡಿದ ಬಟ್ಟೆ ಮಹಾಸಾಗರವನ್ನೂ ದಾಟಿಸುತ್ತದೆ. ತಪ್ಪು ಅಂಟು ಹಾಕಿದ್ದು ಹಿನ್ನೀರಿನ ಅರ್ಧ ದಾರಿಗೂ ಬರಲಿಲ್ಲ.

ದೋಣಿ ಇಲ್ಲದವರಿಗೂ ಒಂದು ಮಾತು

ಬಟ್ಟೆ ನೋಡಿ ಅಂಟು ಆರಿಸುವ ಈ ನಿಯಮ ಮನೆಯ ಬೇರೆ ವಸ್ತುಗಳಿಗೂ ಅನ್ವಯಿಸುತ್ತದೆ. ಔಷಧಿ ಹೊಡೆಯುವವರ ಗಂಬೂಟು ಪಿ.ವಿ.ಸಿ.ಯದಾದರೆ ಪಿ.ಯು. ಗಮ್, ರಬ್ಬರಿನದಾದರೆ ಹಳದಿ ಗಮ್. ಅಡಿಕೆ, ಕಾಫಿ ಒಣಗಿಸುವ ನೀಲಿ ಅಥವಾ ಹಳದಿ ಪ್ಲಾಸ್ಟಿಕ್ ಟಾರ್ಪಾಲು ಮತ್ತು ಕೃಷಿಹೊಂಡದ ಹಾಳೆ ಹೆಚ್ಚಾಗಿ ಪಾಲಿಥೀನಿನವು. ಪಾಲಿಥೀನಿಗೆ ಮೇಲೆ ಹೇಳಿದ ಯಾವ ಅಂಟೂ ಹಿಡಿಯುವುದಿಲ್ಲ. ಅದಕ್ಕೆ ಬಿಸಿಯಿಂದ ಬೆಸೆಯುವುದು ಅಥವಾ ಅದಕ್ಕೆಂದೇ ಇರುವ ಟೇಪು ಹಚ್ಚುವುದು, ಎರಡೇ ದಾರಿ. ಅಂಟಿನ ಮೇಲೆ ದುಡ್ಡು ಹಾಕಬೇಡಿ.

ನೆನಪಿನಲ್ಲಿಡಲು

ಮೊದಲು ಬಟ್ಟೆ, ಆಮೇಲೆ ಅಂಟು. ಪಿ.ವಿ.ಸಿ.ಗೆ ಪಾಲಿಯುರೆಥೇನ್, ಹೈಪಲಾನಿಗೆ ನಿಯೋಪ್ರಿನ್, ಎರಡಕ್ಕೂ ಹಾರ್ಡನರ್ ಸಮೇತ. ದುಂಡು ತೇಪೆ, ತೆಳು ಲೇಪ, ಒಣ ಹವೆ, ಬಲವಾದ ಒತ್ತು, ಒಂದು ದಿನದ ಸಹನೆ, ಬಿಸಿಲಿನ ಪರೀಕ್ಷೆ. ತೇಪೆ ಎಷ್ಟೇ ಚೆನ್ನಾಗಿರಲಿ, ದೋಣಿಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಒಂದು ಜೀವರಕ್ಷಕ ಅಂಗಿ. ನೀರು ರಭಸವಾಗಿ ಏರುತ್ತಿರುವಾಗ ನಮ್ಮ ದೋಣಿ ಹೊರಡುವುದೇ ಬೇಡ, 112ಕ್ಕೆ ಕರೆ ಮಾಡಿ ಕಾಯುವುದೇ ವಿವೇಕ.

ಕೊನೆಯದಾಗಿ ಒಂದು ಸಲಹೆ. ಒಬ್ಬೊಬ್ಬರೂ ಒಂದೊಂದು ಡಬ್ಬ ಕೊಂಡು ಕೆಡಿಸುವ ಬದಲು, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ದಿನ ಸಂಘದ ಅಂಗಳದಲ್ಲಿ ಎಲ್ಲರ ದೋಣಿ, ಗಂಬೂಟುಗಳನ್ನು ಒಟ್ಟಿಗೆ ರಿಪೇರಿ ಮಾಡಬಹುದು. ಒಂದೇ ಡಬ್ಬ ಹೊಸದಾಗಿ ತಂದು ಅಂದೇ ಮುಗಿಸಿ ಖರ್ಚನ್ನು ಹಂಚಿಕೊಂಡರೆ ಹೊರೆ ಎನಿಸದು. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಸರಳ ಅರ್ಥ ನನಗೆ ತಿಳಿಯದು. ಒಪ್ಪಿಗೆ ಇರುವ ಸದಸ್ಯರು ಮುಂದಿನ ಸಭೆಗೆ ಮೊದಲು ಕಛೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

ಅಂದು ನೀರು ಕುಡಿಯದೆ ಪಾರಾದ ಅಜ್ಜಿ ಜ್ವರದಿಂದಲೂ ಗುಣವಾದರು. ಸಂಘದ ದೋಣಿಗೆ ಪಿ.ಯು. ಅಂಟಿನ ಹೊಸ ತೇಪೆ ಬಿದ್ದ ಮೇಲೆ ಅವರೇ ಬಂದು ಕೈಯಿಂದ ಒತ್ತಿ ನೋಡಿ, "ಈ ಸಲ ಗಟ್ಟಿ ಉಂಟು" ಎಂದು ಪಾಸು ಮಾಡಿದ್ದಾರೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ